ಶಾರ್ಕ್ ಕಚ್ಚಿದ 35 ಲಕ್ಷ ಡಾಲರ್

2023ರ ಜೂನ್ 17ರ ಶನಿವಾರ ರಾತ್ರಿ ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಮೋರ್‌ಹೆಡ್ ಸಿಟಿಯ ದಕ್ಕೆಯಲ್ಲಿ ಜನ ಕಿಕ್ಕಿರಿದಿದ್ದರು. ‘ಸೆನ್ಸೇಷನ್’ ಎಂಬ ದೋಣಿ ಆರು ಗಂಟೆಗೂ ಹೆಚ್ಚು ಹೊತ್ತು ಸೆಣಸಿ ತಂದ ನೀಲಿ ಮಾರ್ಲಿನ್ ಮೀನನ್ನು ಬಾಲಕ್ಕೆ ಹಗ್ಗ ಬಿಗಿದು ತಲೆಕೆಳಗಾಗಿ ಎತ್ತಿದರು. ತಕ್ಕಡಿ ತೋರಿಸಿದ್ದು 619.4 ಪೌಂಡ್, ಅಂದರೆ ಸುಮಾರು 281 ಕಿಲೊ. ಅದುವರೆಗೆ ಮುಂದಿದ್ದ ‘ಸುಶಿ’ ದೋಣಿಯ ಮೀನು 484.5 ಪೌಂಡ್ ತೂಗಿತ್ತು. ಬಿಗ್ ರಾಕ್ ಬ್ಲೂ ಮಾರ್ಲಿನ್ ಸ್ಪರ್ಧೆಯ 65ನೇ ವರ್ಷದ ಕೊನೆಯ ದಿನ ಅದು. ಮೊದಲ ಬಹುಮಾನ ಸುಮಾರು 27.7 ಲಕ್ಷ ಡಾಲರ್. 500 ಪೌಂಡ್ ದಾಟಿದ ಮೊದಲ ಮೀನಿಗೆ ಬೇರೆಯಾಗಿ 7,39,500 ಡಾಲರ್. ಆ ವರ್ಷ ಅಲ್ಲಿಯವರೆಗೆ ಅದನ್ನು ಯಾರೂ ಗೆದ್ದಿರಲಿಲ್ಲ. ಎರಡೂ ಸೇರಿ 35 ಲಕ್ಷ ಡಾಲರ್, ಆಗಿನ ವಿನಿಮಯ ದರದಲ್ಲಿ ಹತ್ತಿರ ಹತ್ತಿರ 29 ಕೋಟಿ ರೂಪಾಯಿ, ಒಂದು ಹಗ್ಗಕ್ಕೆ ನೇತುಬಿದ್ದಿತ್ತು.

ಆದರೆ ಮೀನಿನ ಬಾಲದ ಕಡೆ ಹಲ್ಲಿನ ಗುರುತುಗಳಿದ್ದವು, ಮಾಂಸ ಹರಿದುಹೋಗಿತ್ತು.

ಆ ರಾತ್ರಿ ಗೆದ್ದವರ ಹೆಸರನ್ನು ಘೋಷಿಸಲಿಲ್ಲ. ಸ್ಪರ್ಧೆಯ ನಿಯಮ ಸಮಿತಿ ಮತ್ತು ಆಡಳಿತ ಮಂಡಳಿಯವರು ಕಡಲ ಜೀವವಿಜ್ಞಾನಿಗಳನ್ನು ಕೇಳಿದರು, ಗಾಳದ ಮೀನುಗಾರಿಕೆಯ ದಾಖಲೆಗಳನ್ನು ಕಾಯುವ ಇಂಟರ್‌ನ್ಯಾಷನಲ್ ಗೇಮ್ ಫಿಶ್ ಅಸೋಸಿಯೇಷನ್ ಅಂದರೆ ಐಜಿಎಫ್‌ಎ ಸಂಸ್ಥೆಯವರನ್ನೂ ಕೇಳಿದರು. ಭಾನುವಾರ ತೀರ್ಪು ಬಂತು. ದೋಣಿಗೆ ಎತ್ತಿಕೊಳ್ಳುವ ಮುನ್ನವೇ ಶಾರ್ಕ್ ಅಥವಾ ಬೇರೆ ಕಡಲಜೀವಿ ಮೀನನ್ನು ಘಾಸಿಗೊಳಿಸಿದೆ. ಆದ್ದರಿಂದ ಸೆನ್ಸೇಷನ್‌ನ ಮೀನು ಲೆಕ್ಕಕ್ಕಿಲ್ಲ. 27.7 ಲಕ್ಷ ಡಾಲರ್ ಸುಶಿಯ ಪಾಲಾಯಿತು. ಸೆನ್ಸೇಷನ್ ತಂಡ ಆಕ್ಷೇಪ ಎತ್ತಿತು. ಫಲಿತಾಂಶ ಬದಲಾಗಲಿಲ್ಲ.

ಆ ವಾರ ರಾಲಿ ನಗರದ ನಮ್ಮ ಕಚೇರಿಯ ಊಟದ ಮೇಜಿನ ಸುತ್ತ ಬೇರೆ ಮಾತೇ ಇರಲಿಲ್ಲ. ಜನ್ಮದಲ್ಲಿ ಗಾಳ ಮುಟ್ಟದವರೂ ಎರಡು ಪಕ್ಷವಾಗಿ ವಾದಕ್ಕೆ ಕುಳಿತರು. ಕಚ್ಚಿಸಿಕೊಂಡ ಮೀನು ಹಗುರಾಗುತ್ತದೆಯೇ ಹೊರತು ಭಾರವಾಗುವುದಿಲ್ಲ, ಹಾಗಿದ್ದ ಮೇಲೆ ಇವರು ಯಾರಿಗೆ ಮೋಸ ಮಾಡಿದರು ಎಂಬುದು ಒಂದು ಪಕ್ಷ. ಬರೆದಿಟ್ಟ ನಿಯಮವನ್ನು ಹಣ ನೋಡಿ ಬದಲಾಯಿಸಲಾಗುವುದಿಲ್ಲ ಎಂಬುದು ಇನ್ನೊಂದು. ನಾನು ಮೊದಲ ಪಕ್ಷದಲ್ಲಿದ್ದೆ. ಮರುವರ್ಷ ಅದೇ ಬಂದರಿನಿಂದ ಬಾಡಿಗೆ ದೋಣಿಯಲ್ಲಿ ಒಂದು ದಿನ ಕಡಲಿಗೆ ಹೋಗಿ ಬಂದೆ, ಐಜಿಎಫ್‌ಎ ನಿಯಮವನ್ನು ಅಕ್ಷರ ಬಿಡದೆ ಓದಿದೆ, ಆಮೇಲೆ ಪಕ್ಷ ಬದಲಾಯಿಸಿದೆ. ಹೇಗೆ ಬದಲಾಯಿತು ಎಂಬುದೇ ಈ ಬರಹ.

ಮೊದಲು ಜಾಗ. ಬೋಫೋರ್ಟ್ ಅಳಿವೆ ದಾಟಿ ಹೊರಗಡಲಿಗೆ ಸುಮಾರು 40 ಮೈಲಿ ಹೋದರೆ, ಮೆಲ್ಲಗೆ ಇಳಿಯುತ್ತ ಬಂದ ಕಡಲ ತಳ ಒಮ್ಮೆಲೇ ಆಳಕ್ಕೆ ಕುಸಿಯುತ್ತದೆ. ಆ ಅಂಚಿನ ಮೇಲಿನ ಕಲ್ಲಿನ ದಿಣ್ಣೆಗಳ ಸಾಲಿಗೇ ಬಿಗ್ ರಾಕ್ ಎಂಬ ಹೆಸರು. ಫ್ಲಾರಿಡಾ ಕಡೆಯಿಂದ ಬೆಚ್ಚಗಿನ ನೀರನ್ನು ಹೊತ್ತು ಬರುವ ಗಲ್ಫ್ ಸ್ಟ್ರೀಮ್ ಪ್ರವಾಹ ಇದೇ ಅಂಚನ್ನು ಸವರಿಕೊಂಡು ಉತ್ತರಕ್ಕೆ ಹೋಗುತ್ತದೆ. ಹಸಿರು ನೀರು ಮುಗಿದು ಕಡುನೀಲಿ ನೀರು ಶುರುವಾಗುವ ಗೆರೆ ಕಣ್ಣಿಗೆ ಕಾಣುತ್ತದೆ. ಆ ಗೆರೆಯುದ್ದಕ್ಕೂ ಹಳದಿ ಕಂದು ಬಣ್ಣದ ಸರ್ಗಾಸಮ್ ಪಾಚಿ ತೇಲುತ್ತಿರುತ್ತದೆ. ಪಾಚಿಯ ನೆರಳಿಗೆ ಸಣ್ಣ ಮೀನು, ಸಣ್ಣ ಮೀನಿಗೆ ಮಾಹಿ ಎಂಬ ಮೀನು, ಮಾಹಿಗೆ ಮಾರ್ಲಿನ್. ಮಾರ್ಲಿನ್ ಹಿಂದೆ ಮನುಷ್ಯ ಬಂದದ್ದು ತಡವಾಗಿ. 1957ರಲ್ಲಿ ಊರಿನ ಗಾಳಗಾರರ ಕೂಟವೊಂದು, ಇಲ್ಲಿ ಮೊದಲ ನೀಲಿ ಮಾರ್ಲಿನ್ ಹಿಡಿದು ತಂದವರಿಗೆ ಕೆಂಪು ಕೈಗಾಡಿಯ ತುಂಬ ಬೆಳ್ಳಿ ಡಾಲರ್ ಕೊಡುತ್ತೇವೆಂದು ಸಾರಿತು. ಆ ವರ್ಷವೇ ಮೀನೂ ಸಿಕ್ಕಿತು. ‘ಫ್ಯಾಬ್ಯುಲಸ್ ಫಿಶರ್‌ಮೆನ್’ ಎಂಬ ಆ ಕೂಟದ ಹೆಸರೇ ಈಗಲೂ 500 ಪೌಂಡಿನ ಬಹುಮಾನಕ್ಕೆ ಅಂಟಿಕೊಂಡಿದೆ. ಊರಿನವರ ಲೆಕ್ಕಾಚಾರ ಸರಳವಾಗಿತ್ತೆಂದು ಕಾಣುತ್ತದೆ: ಮಾರ್ಲಿನ್ ಇದೆಯೆಂದು ಸುದ್ದಿಯಾದರೆ ಹಣ ಕೊಟ್ಟು ದೋಣಿ ಹತ್ತುವವರು ತಾವಾಗಿಯೇ ಬರುತ್ತಾರೆ.

ಹಣ ಕೊಟ್ಟು ಹತ್ತಿದವರಲ್ಲಿ ನಾವೂ ಆರು ಮಂದಿ. ಆರು ಎಂಬುದಕ್ಕೆ ಕಾರಣವಿದೆ. ಇಂಥ ಸಣ್ಣ ದೋಣಿಯ ಕ್ಯಾಪ್ಟನ್‌ಗೆ ಅಮೆರಿಕದ ಕೋಸ್ಟ್ ಗಾರ್ಡ್ ಕೊಡುವ ಪರವಾನಗಿಯಲ್ಲಿ ಬಾಡಿಗೆ ಕೊಡುವ ಪ್ರಯಾಣಿಕರು ಆರಕ್ಕಿಂತ ಹೆಚ್ಚಿರಬಾರದು. ಆ ಪರವಾನಗಿಯನ್ನು ಆಡುಮಾತಿನಲ್ಲಿ ‘ಸಿಕ್ಸ್ ಪ್ಯಾಕ್’ ಎಂದೇ ಕರೆಯುತ್ತಾರೆ. ದಿನದ ಬಾಡಿಗೆ ಎರಡು ಸಾವಿರ ಡಾಲರ್ ದಾಟಿತ್ತು, ಆರು ಪಾಲು ಮಾಡಿಕೊಂಡೆವು. ಅದರ ಮೇಲೆ ಸಹಾಯಕನಿಗೆ ನೂರಕ್ಕೆ ಇಪ್ಪತ್ತರಷ್ಟು ಭಕ್ಷೀಸು ಕೊಡುವುದು ರೂಢಿ. ಅವನನ್ನು ಇಲ್ಲಿ ಮೇಟ್ ಎನ್ನುತ್ತಾರೆ. ಕ್ಯಾಪ್ಟನ್ ಮೇಲೆ ನಿಂತು ದೋಣಿ ನಡೆಸುತ್ತಾನೆ, ಉಳಿದ ಕೆಲಸವೆಲ್ಲ ಮೇಟ್‌ನದು. ಬ್ಯಾಲಿಹೂ ಎಂಬ ಉದ್ದ ಮೂತಿಯ ಎರೆಮೀನುಗಳನ್ನು ಬೆಳಗಿನ ಜಾವಕ್ಕೇ ಗಾಳಕ್ಕೆ ಪೋಣಿಸಿಡಬೇಕು. ಇಕ್ಕೆಲಕ್ಕೂ ಚಾಚಿದ ಉದ್ದ ಕೋಲುಗಳಿಂದ ದಾರಗಳನ್ನು ಹೊರಕ್ಕೆ ಎಳೆದು, ಒಂದಕ್ಕೊಂದು ತೊಡರದಂತೆ ದೋಣಿಯ ಹಿಂದೆ ಹಾಯಿಸಬೇಕು. ನಮ್ಮಂಥವರು ಕಕ್ಕಿದರೆ ಬಕೆಟ್ಟಿನಲ್ಲಿ ನೀರು ತಂದು ಸುರಿಯಬೇಕು. ನಮ್ಮ ಗುಂಪಿನಲ್ಲಿ ಕುಂದಾಪುರದವರೊಬ್ಬರಿದ್ದರು. ಕಡಲ ಮಡಿಲಲ್ಲಿ ಬೆಳೆದವನೆಂದು ಹೊರಡುವಾಗ ಹೇಳಿಕೊಂಡವರು ಅಳಿವೆ ದಾಟಿದ ಅರ್ಧ ಗಂಟೆಗೆ ಮೊದಲಿಗರಾಗಿ ಮಲಗಿದರು.

ಹನ್ನೊಂದರ ಹೊತ್ತಿಗೆ ಒಂದು ಗಾಳದ ಕೋಲು ಬಾಗಿತು. ರೀಲು ಕಿರುಚಿಕೊಂಡಿತು. ವಾಹೂ ಎಂದ ಮೇಟ್. ನಮ್ಮ ಕರಾವಳಿಯ ಅಂಜಲ್‌ಗೆ ಹತ್ತಿರದ ನೆಂಟ, ಅದಕ್ಕಿಂತ ಉದ್ದ, ಬಲು ವೇಗಿ. ಕೋಲು ನನ್ನ ಕೈಗೆ ಬಂತು. ಹತ್ತು ನಿಮಿಷ ಎಳೆದಿರಬಹುದು, ತೋಳು ಮರಗಟ್ಟಿತು. ನಂತರ ಇದ್ದಕ್ಕಿದ್ದಂತೆ ಎರಡು ಜಗ್ಗು, ಆಮೇಲೆ ದಾರ ಸಲೀಸಾಗಿ ಬರತೊಡಗಿತು. ನಾನು ಗೆದ್ದೆನೆಂದುಕೊಂಡು ಇನ್ನೂ ಜೋರಾಗಿ ಸುತ್ತಿದೆ. ಮೇಟ್ ಮಾತ್ರ ಕೈಗೆ ಎತ್ತಿಕೊಂಡಿದ್ದ ಉದ್ದ ಕೊಕ್ಕೆಯನ್ನು ಆಗಲೇ ಕೆಳಗಿಟ್ಟಿದ್ದ. ಮೇಲೆ ಬಂದದ್ದು ಒಂದು ತಲೆ, ಅದರ ಹಿಂದೆ ಒಂದು ಗೇಣು ಮೈ, ಗರಗಸದಲ್ಲಿ ಕೊಯ್ದಂತೆ. “ತೆರಿಗೆಯವನು ಬಂದು ಹೋದ” ಎಂದ. ಇಲ್ಲಿನ ಗಾಳಗಾರರು ಶಾರ್ಕಿಗೆ ಇಟ್ಟ ಹೆಸರು ಅದು.

ನನ್ನ ಪಕ್ಷ ಅಲುಗಿದ್ದು ಆ ಎರಡು ಜಗ್ಗಿನಲ್ಲಿ. ಅದಕ್ಕೆ ಮುಂಚೆ ನಾನು ಎಳೆದ ಮೀನು ಬೇರೆ, ಅನಂತರ ಎಳೆದದ್ದು ಬೇರೆ. ಕೈಗೆ ಅದು ಸ್ಪಷ್ಟವಾಗಿ ಗೊತ್ತಾಗುತ್ತದೆ. ನನ್ನ ಮೀನಿನ ಮುಕ್ಕಾಲು ಭಾಗ ಹೋಗಿತ್ತು, ಮಾರ್ಲಿನ್‌ಗೆ ತಗಲಿದ್ದು ಕೆಲವು ಕಚ್ಚುಗಳು ಮಾತ್ರ, ನಿಜ. ಆದರೂ ಊಟದ ಮೇಜಿನಲ್ಲಿ ನಾವೆಲ್ಲ ತೂಕದ ಬಗ್ಗೆಯಷ್ಟೇ ಮಾತನಾಡಿದ್ದೆವು. ಎಳೆತದ ಬಗ್ಗೆ ಒಬ್ಬರೂ ಮಾತನಾಡಿರಲಿಲ್ಲ.

ಈಗ ನಿಯಮ. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಐಜಿಎಫ್‌ಎ ಗಾಳದ ಮೀನುಗಾರಿಕೆಗೆ ಒಂದೇ ಅಳತೆಗೋಲು ಮಾಡಲು ಹೊರಟ ಸಂಸ್ಥೆ. ಅದರ ನಿಯಮಗಳನ್ನು ಓದುತ್ತ ಹೋದರೆ, ಹೆಚ್ಚಿನವು ಮೀನಿಗಿಂತ ಮನುಷ್ಯನ ಕೈಗಳ ಬಗ್ಗೆಯೇ ಇವೆ. ಮೀನು ಕಚ್ಚಿದ ಮೇಲೆ ಗಾಳಗಾರನನ್ನು ಬಿಟ್ಟು ಬೇರೆ ಯಾರೂ ಕೋಲನ್ನಾಗಲಿ ರೀಲನ್ನಾಗಲಿ ದಾರವನ್ನಾಗಲಿ ಮುಟ್ಟುವಂತಿಲ್ಲ. ಕೊನೆಯ ಗಳಿಗೆಯಲ್ಲಿ ದಾರದ ತುದಿಯ ದಪ್ಪ ಲೀಡರನ್ನು ಮೇಟ್ ಹಿಡಿಯಬಹುದು, ಕೊಕ್ಕೆ ಹಾಕಬಹುದು, ಅಷ್ಟೇ. ಕೋಲನ್ನು ದೋಣಿಯ ಅಂಚಿಗೆ ಆನಿಸಿ ಸುಧಾರಿಸಿಕೊಳ್ಳುವಂತಿಲ್ಲ. ಈಟಿ ಎಸೆಯುವಂತಿಲ್ಲ, ಗುಂಡು ಹೊಡೆಯುವಂತಿಲ್ಲ. ಇದೇ ಸಾಲಿನಲ್ಲಿ ಇನ್ನೊಂದು ಮಾತು ಬರುತ್ತದೆ. ದಡಕ್ಕೆ ಅಥವಾ ದೋಣಿಗೆ ತರುವ ಮುನ್ನ ಶಾರ್ಕ್, ಬೇರೆ ಮೀನು, ಸಸ್ತನಿ ಇಲ್ಲವೆ ದೋಣಿಯ ಪ್ರೊಪೆಲ್ಲರ್‌ನಿಂದ ಮಾಂಸ ಕಿತ್ತುಹೋಗಿದ್ದರೆ ಅಥವಾ ಮಾಂಸದೊಳಕ್ಕೆ ಗಾಯ ಇಳಿದಿದ್ದರೆ ಆ ಮೀನು ಲೆಕ್ಕಕ್ಕಿಲ್ಲ. ದಾರ ಮತ್ತು ಲೀಡರ್ ಉಜ್ಜಿ ಆದ ಗಾಯಕ್ಕೆ, ತರಚಿಗೆ, ಮಾಗಿದ ಹಳೆಯ ಕಲೆಗೆ ವಿನಾಯಿತಿ ಇದೆ.

ಪ್ರೊಪೆಲ್ಲರ್ ಮತ್ತು ಶಾರ್ಕ್ ಒಂದೇ ವಾಕ್ಯದಲ್ಲಿ ಇರುವುದನ್ನು ಗಮನಿಸಬೇಕು. ಗಾಯ ಮಾಡಿದವರು ಯಾರು, ಬೇಕೆಂದು ಮಾಡಿದರೇ, ಇದರಲ್ಲಿ ಗಾಳಗಾರನ ತಪ್ಪೆಷ್ಟು ಎಂಬುದನ್ನು ನಿಯಮ ಕೇಳುವುದೇ ಇಲ್ಲ. ಸೆನ್ಸೇಷನ್ ತಂಡ ಮೋಸ ಮಾಡಲಿಲ್ಲ ಎಂದು ಕಚೇರಿಯಲ್ಲಿ ನಾನು ಮೇಜು ಕುಟ್ಟಿ ಹೇಳಿದ್ದು ಪೂರ್ತಿ ಸತ್ಯ, ಆದರೆ ಕೇಳದ ಪ್ರಶ್ನೆಗೆ ಕೊಟ್ಟ ಉತ್ತರ. ನಿಯಮ ಕೇಳುವುದು ಇಷ್ಟೇ: ಈ ಮೀನನ್ನು ಒಬ್ಬನೇ ಮನುಷ್ಯ, ತನ್ನ ಕೋಲು ದಾರದ ಬಲದಿಂದಲೇ ಸೋಲಿಸಿದನೇ? ನಡುವೆ ಮೂರನೆಯವರು ಬಂದಿದ್ದರೆ ಉತ್ತರ ಇಲ್ಲವೆಂದೇ. ಮೂರನೆಯವನು ದೋಣಿಯಲ್ಲಿದ್ದ ಸ್ನೇಹಿತನೋ ನೀರಿನಲ್ಲಿದ್ದ ಶಾರ್ಕೋ, ಎರಡೂ ಒಂದೇ.

ಗಾಯ ಆದ ಜಾಗವೂ ಮುಖ್ಯ. ಮಾರ್ಲಿನ್ ಮೀನಿನ ಎಂಜಿನ್ ಎಂದರೆ ಅದರ ಬಾಲ. ಅಷ್ಟು ದೊಡ್ಡ ದೇಹವನ್ನು ನೀರಿನಿಂದ ಪೂರ್ತಿ ಮೇಲಕ್ಕೆ ಚಿಮ್ಮಿಸುವುದೂ, ನೂರಾರು ಮೀಟರ್ ದಾರವನ್ನು ಒಂದೇ ಓಟಕ್ಕೆ ಕಿತ್ತುಕೊಂಡು ಹೋಗುವುದೂ, ಆಳಕ್ಕಿಳಿದು ಗಂಟೆಗಟ್ಟಲೆ ಜಗ್ಗುವುದೂ ಬಾಲದ ಬುಡದ ಬಲದಿಂದ. ಈಟಿಯಂಥ ಮೂತಿಯ ತುದಿ ಮುರಿದಿದ್ದರೆ ನಾನು ಇಷ್ಟು ಬಿಗಿಯಾಗಿ ವಾದಿಸುತ್ತಿರಲಿಲ್ಲ. ಬಾಲದ ಕಡೆ ಕಚ್ಚಿಸಿಕೊಂಡ ಮೀನು ಎಷ್ಟು ಸೋತಿತು, ಯಾವಾಗ ಸೋತಿತು ಎಂಬುದನ್ನು ಅಳೆಯುವ ತಕ್ಕಡಿ ಯಾವ ದಕ್ಕೆಯಲ್ಲೂ ಇಲ್ಲ. ಹಗುರಾಯಿತಲ್ಲವೇ, ತಂಡಕ್ಕೆ ನಷ್ಟವೇ ಅಲ್ಲವೇ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಎರಡು ಕಿಲೊ ಮಾಂಸ ಕಳೆದುಕೊಂಡ ಮೀನು ಎರಡು ಗಂಟೆಯ ಹೋರಾಟವನ್ನೂ ಕಳೆದುಕೊಂಡಿರಬಹುದು.

ಹಾಗಾದರೆ ಪೂರ್ತಿ ಕಿತ್ತುಹಾಕುವ ಬದಲು ಒಂದಷ್ಟು ತೂಕ ಕಳೆಯಬಹುದಿತ್ತಲ್ಲ ಎಂದು ನಮ್ಮ ಗುಂಪಿನ ಲೆಕ್ಕಿಗರೊಬ್ಬರು ಕೇಳಿದರು. ಆಡುವ ಮಾತಿಗೆ ಚೆನ್ನಾಗಿದೆ. ನೂರು ಪೌಂಡ್ ಕಳೆದರೂ ಸೆನ್ಸೇಷನ್‌ನ ಮೀನೇ ಮುಂದಿರುತ್ತಿತ್ತು. ಆದರೆ ಎಷ್ಟು ಕಳೆಯಬೇಕೆಂದು ಹೇಳುವವರು ಯಾರು? ಒಂದು ಕಚ್ಚಿಗೆ ಇಷ್ಟು, ಎರಡಕ್ಕೆ ಇಷ್ಟು ಎಂದು ದರಪಟ್ಟಿ ಮಾಡಿದ ದಿನದಿಂದ ದಕ್ಕೆಯ ಮೇಲೆ ವಕೀಲರೇ ಗಾಳ ಹಾಕಿಕೊಂಡು ಕುಳಿತಿರುತ್ತಾರೆ.

ಈ ಹಣ ಯಾರದು ಎಂಬುದನ್ನು ನೋಡಿದಾಗ ನನ್ನ ಉಳಿದ ಅನುಮಾನವೂ ಹೋಯಿತು. ಆ ವರ್ಷ ಸುಮಾರು 270 ದೋಣಿಗಳು ಸ್ಪರ್ಧೆಯಲ್ಲಿದ್ದವು. ಒಟ್ಟು ಬಹುಮಾನ 58 ಲಕ್ಷ ಡಾಲರಿನ ಆಸುಪಾಸು. ಅದರ ಬಹುಪಾಲು ಬರುವುದು ಸ್ಪರ್ಧಿಗಳೇ ಕಟ್ಟುವ ಶುಲ್ಕದಿಂದ. ಬೇರೆ ಬೇರೆ ಮಟ್ಟದ ಬಹುಮಾನಗಳಿಗೆ ಬೇರೆ ಬೇರೆ ಶುಲ್ಕ, ಎಷ್ಟು ಮಟ್ಟಕ್ಕೆ ಇಳಿಯಬೇಕೆಂಬುದು ದೋಣಿಯ ಮಾಲೀಕನ ಎದೆಗಾರಿಕೆಗೆ ಬಿಟ್ಟದ್ದು. ನಮ್ಮ ಊರಿನ ಚೀಟಿ ವ್ಯವಹಾರ ನೆನಪಾಯಿತು, ಒಬ್ಬನಿಗೆ ಏಳುವ ಚೀಟಿಯಲ್ಲಿ ಎಲ್ಲರ ದುಡ್ಡೂ ಇರುತ್ತದೆ. ಆಯೋಜಕರು ತಮ್ಮ ಜೇಬಿನ ಹಣವನ್ನು ಉಳಿಸಿಕೊಳ್ಳಲು ಮೀನನ್ನು ತಿರಸ್ಕರಿಸಿದರೆಂಬ ಗುಸುಗುಸು ಆಗ ಕೇಳಿಬಂದಿತ್ತು. ಅದಕ್ಕೆ ಅರ್ಥವಿಲ್ಲ, ಮೊದಲ ಬಹುಮಾನ ಒಂದು ದೋಣಿಗೆ ತಪ್ಪಿದರೆ ಇನ್ನೊಂದಕ್ಕೆ ಹೋಗುತ್ತದೆ. ಅದೇ ನಿಯಮ ಓದಿ, ಅದೇ ಕಾಗದಕ್ಕೆ ಸಹಿ ಹಾಕಿ, ಹಣ ಕಟ್ಟಿದ ಉಳಿದ ದೋಣಿಗಳು ಅಲ್ಲಿದ್ದವು. ಆ ರಾತ್ರಿ ಕನಿಕರ ತೋರಿಸುವುದೆಂದರೆ ಅವರ ದುಡ್ಡಿನಲ್ಲಿ ತೋರಿಸುವುದಾಗುತ್ತಿತ್ತು.

ಇಂಥ ಸ್ಪರ್ಧೆಗಳಲ್ಲಿ ಹಣ ಹೆಚ್ಚಿದಷ್ಟೂ ನಿಯಮ ಕಲ್ಲಾಗುತ್ತ ಬಂದಿದೆ. ಇದೇ ಬಿಗ್ ರಾಕ್‌ನಲ್ಲಿ 2010ರಲ್ಲಿ ‘ಸೈಟೇಷನ್’ ಎಂಬ ದೋಣಿ 883 ಪೌಂಡಿನ ಮಾರ್ಲಿನ್ ತಂದಿತು, ಆಗಿನ ಸ್ಪರ್ಧಾ ದಾಖಲೆ. ಮೇಟ್ ಬಳಿ ರಾಜ್ಯದ ಮೀನುಗಾರಿಕೆ ಪರವಾನಗಿ ಇರಲಿಲ್ಲ. ಬೆಲೆಯಲ್ಲಿ ಒಂದು ಹೊತ್ತಿನ ಹೋಟೆಲ್ ಊಟಕ್ಕೆ ಸಮನಾದ ಕಾಗದ. ಮೀನು ಹಿಡಿದ ಮೇಲೆ ಅವನು ಅದನ್ನು ಕೊಂಡದ್ದು ಬಯಲಾಗಿ, ಒಂಬತ್ತು ಲಕ್ಷ ಡಾಲರಿನ ಆಸುಪಾಸಿನ ಬಹುಮಾನ ಕೈತಪ್ಪಿತು, ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಇನ್ನೂ ಉತ್ತರಕ್ಕೆ, ಮೇರಿಲ್ಯಾಂಡ್ ರಾಜ್ಯದ ಓಷನ್ ಸಿಟಿಯಲ್ಲಿ ನಡೆಯುವ ವೈಟ್ ಮಾರ್ಲಿನ್ ಓಪನ್ ಸ್ಪರ್ಧೆಯಲ್ಲಿ 2016ರಲ್ಲಿ ಗೆದ್ದ ಮೀನು 76.5 ಪೌಂಡ್ ಮಾತ್ರ, ಬಹುಮಾನ 28 ಲಕ್ಷ ಡಾಲರ್. ಅಲ್ಲಿ ಗೆದ್ದವರು ಸುಳ್ಳು ಪತ್ತೆ ಪರೀಕ್ಷೆಗೆ ಕೂರಬೇಕು. ಪರೀಕ್ಷೆಯಲ್ಲಿ ತೇರ್ಗಡೆಯಾಗದ್ದಕ್ಕೆ ಬಹುಮಾನ ತಡೆದರು. ಬೆಳಿಗ್ಗೆ ಎಂಟೂವರೆಯ ನಿಗದಿತ ಸಮಯಕ್ಕೆ ಮುಂಚೆಯೇ ಗಾಳ ಇಳಿದಿತ್ತೇ ಎಂಬುದು ವಿವಾದದ ತಿರುಳು. 2017ರಲ್ಲಿ ಫೆಡರಲ್ ನ್ಯಾಯಾಲಯ ಸ್ಪರ್ಧೆಯ ಪರವಾಗಿ ತೀರ್ಪು ಕೊಟ್ಟಿತು, ಮೇಲ್ಮನವಿಯಲ್ಲೂ ಅದೇ ಉಳಿಯಿತು. ಮೀನು ಹಿಡಿಯಲು ಹೋಗುವವರು ಸುಳ್ಳು ಪತ್ತೆ ಯಂತ್ರಕ್ಕೆ ಕೈಕೊಟ್ಟು ಕೂರುವ ಕಾಲ ಬಂತಲ್ಲ ಎಂದು ನಗು ಬರುತ್ತದೆ. ಆದರೆ ದಡದಿಂದ ನಲವತ್ತು ಮೈಲಿ ಆಚೆ, ನಾಲ್ಕೈದು ಜನರ ಮುಂದೆ ನಡೆದದ್ದಕ್ಕೆ ಬೇರೆ ಸಾಕ್ಷಿ ಎಲ್ಲಿಂದ ತರುವುದು?

ಈ ಎರಡಕ್ಕೆ ಹೋಲಿಸಿದರೆ ಸೆನ್ಸೇಷನ್ ಪ್ರಕರಣದಲ್ಲಿ ಸಾಕ್ಷಿ ಹಗ್ಗಕ್ಕೇ ನೇತಾಡುತ್ತಿತ್ತು. ಇಲ್ಲಿಯೇ ಆಯೋಜಕರ ಬಗ್ಗೆ ನನಗೊಂದು ತಕರಾರಿದೆ. ಮೊದಲು ಪರೀಕ್ಷೆ, ಆಮೇಲೆ ತೂಕ ಎಂಬ ಕ್ರಮ ಇರಬೇಕಿತ್ತು. ದೋಣಿ ದಕ್ಕೆಗೆ ತಾಗಿದ ಕೂಡಲೇ, ಮೀನನ್ನು ಜನರ ಮುಂದೆ ಎತ್ತುವ ಮೊದಲು, ಜೀವವಿಜ್ಞಾನಿಯೊಬ್ಬರು ಅದರ ಮೈಯನ್ನು ನೋಡಿ ಅನುಮಾನವಿದ್ದರೆ ಅಲ್ಲೇ ಹೇಳಬಹುದಿತ್ತು. ಅಂಕಿ ಫಲಕದ ಮೇಲೆ ಬೆಳಗಿದ ಮೇಲೆ, ಆರು ಗಂಟೆ ದುಡಿದ ತಂಡ ಅದನ್ನು ನೋಡಿದ ಮೇಲೆ, ಇಡೀ ರಾತ್ರಿ ಕಾಯಿಸಿ ಮರುದಿನ ಇಲ್ಲವೆನ್ನುವುದು ನ್ಯಾಯವಾದರೂ ಕ್ರೂರ. ಹಾಗೇಕೆ ಮಾಡುವುದಿಲ್ಲ ಎಂಬುದೂ ಗೊತ್ತಿರುವಂಥದ್ದೇ. ಆ ವಾರದಲ್ಲಿ ಮೋರ್‌ಹೆಡ್ ಸಿಟಿ ಮಾರುವುದು ಮೀನನ್ನಲ್ಲ, ಮೀನನ್ನು ಎತ್ತುವ ನೋಟವನ್ನು.

ಮೀನನ್ನಂತೂ ಮಾರುವಂತೆಯೇ ಇಲ್ಲ. ಅಟ್ಲಾಂಟಿಕ್‌ನ ಮಾರ್ಲಿನ್ ಮಾರಾಟವನ್ನು ಅಮೆರಿಕ 1988ರ ಯೋಜನೆಯಲ್ಲೇ ನಿಷೇಧಿಸಿತು. ಕೆಳದವಡೆಯ ತುದಿಯಿಂದ ಬಾಲದ ಕವಲಿನವರೆಗೆ 99 ಅಂಗುಲಕ್ಕಿಂತ ಗಿಡ್ಡವಾದ ನೀಲಿ ಮಾರ್ಲಿನ್ ಅನ್ನು ಇಟ್ಟುಕೊಳ್ಳುವಂತಿಲ್ಲ. ಅಂತರರಾಷ್ಟ್ರೀಯ ಒಪ್ಪಂದದಂತೆ ಇಡೀ ಅಮೆರಿಕದ ಹವ್ಯಾಸಿ ಗಾಳಗಾರರು ಅಟ್ಲಾಂಟಿಕ್‌ನಿಂದ ವರ್ಷಕ್ಕೆ ದಡಕ್ಕೆ ತರಬಹುದಾದದ್ದು ನೀಲಿ ಮತ್ತು ಬಿಳಿ ಮಾರ್ಲಿನ್‌ಗಳೂ ಅವುಗಳ ಹತ್ತಿರದ ಇನ್ನೊಂದು ಜಾತಿಯೂ ಸೇರಿ 250 ಮೀನು. ಬಿಗ್ ರಾಕ್ ತನ್ನ ಮಿತಿಯನ್ನು ಇನ್ನೂ ಎತ್ತರಿಸಿಕೊಂಡಿದೆ, 110 ಅಂಗುಲ ಅಥವಾ 400 ಪೌಂಡ್. ಆದ್ದರಿಂದ ಸಿಕ್ಕವುಗಳಲ್ಲಿ ಹೆಚ್ಚಿನವನ್ನು ದೋಣಿಯ ಪಕ್ಕದಲ್ಲೇ ಬಿಟ್ಟುಬಿಡುತ್ತಾರೆ, ಬಿಟ್ಟದ್ದಕ್ಕೆ ಬೇರೆ ಅಂಕಗಳಿವೆ. ಗಂಡು ಮಾರ್ಲಿನ್ 350 ಪೌಂಡ್ ದಾಟುವುದು ಅಪರೂಪ, ಹಾಗಾಗಿ ಬಹುಮಾನದ ಗಾತ್ರದವೆಲ್ಲ ಹೆಣ್ಣು. ಆ ಶನಿವಾರ ನೇತಾಡಿದ್ದೂ ಮೊಟ್ಟೆ ಇಡುವ ದೊಡ್ಡ ಹೆಣ್ಣೇ ಇರಬೇಕು. ಮಲ್ಪೆಯ ದಕ್ಕೆಯಲ್ಲಾಗಿದ್ದರೆ ಶಾರ್ಕ್ ಕಚ್ಚಿದ ಮೀನಿಗೂ ಹರಾಜಿನಲ್ಲಿ ಒಂದು ಬೆಲೆ ಹುಟ್ಟುತ್ತಿತ್ತು, ಕಚ್ಚಿದ ಕಡೆ ಕೊಯ್ದು ಉಳಿದದ್ದನ್ನು ಐಸಿನಲ್ಲಿ ಇಡುತ್ತಿದ್ದರು. ಇಲ್ಲಿ 29 ಕೋಟಿ, ಇಲ್ಲವೇ ಸೊನ್ನೆ.

ತಂಡ ಬೇರೆ ಏನು ಮಾಡಬಹುದಿತ್ತು? ಈ ಪ್ರಶ್ನೆಯನ್ನು ನಾನು ಬಹಳ ದಿನ ತಲೆಯಲ್ಲಿ ಇಟ್ಟುಕೊಂಡಿದ್ದೆ. ದಿನದ ಸ್ಪರ್ಧೆ ಮುಗಿದು ಗಾಳ ಎತ್ತುವ ಸಮಯಕ್ಕೆ ಮುಂಚೆಯೇ ಗಾಳ ಕಚ್ಚಿದ ಮೀನನ್ನು ಅನಂತರವೂ ಎಳೆದು ತರಬಹುದು, ಅದು ಒಪ್ಪಿತ. ಎಳೆದಷ್ಟು ಹೊತ್ತೂ ಶಾರ್ಕಿಗೆ ಕರೆ ಕೊಟ್ಟಂತೆಯೇ. ದಣಿದು ಒದ್ದಾಡುವ ಮೀನಿನ ಕಂಪನ ನೀರಿನಲ್ಲಿ ಬಹು ದೂರ ಹೋಗುತ್ತದೆ. ಅಟ್ಲಾಂಟಿಕ್ ಕರಾವಳಿಯಲ್ಲಿ ಮಿತಿಮೀರಿ ಹಿಡಿದು ಕುಗ್ಗಿದ್ದ ಶಾರ್ಕ್‌ಗಳಿಗೆ 1993ರಿಂದ ನಿಯಂತ್ರಣದ ಯೋಜನೆ ಇದೆ, ಕೆಲವು ಜಾತಿಗಳು ಚೇತರಿಸಿಕೊಳ್ಳುತ್ತಿವೆ. ದೋಣಿಯ ಎಂಜಿನ್ ಸದ್ದು ಕೇಳಿದರೆ ಊಟದ ಗಂಟೆ ಹೊಡೆದಂತೆ ಬರುತ್ತವೆ ಎಂದು ಕ್ಯಾಪ್ಟನ್‌ಗಳು ಬೈಯುತ್ತಾರೆ. ಬೇಗ ಎಳೆದು ಮುಗಿಸೋಣವೆಂದರೆ 281 ಕಿಲೊ ಮೀನಿಗೆ ದಾರ ತುಂಡಾಗುವ ಭಯ. ಪಕ್ಕಕ್ಕೆ ಬಂದ ಮೇಲೆ ಗಾಯ ಕಂಡು ಬಿಟ್ಟುಬಿಡುವುದೆಂದರೆ, ಆರು ಗಂಟೆ ಸೆಣಸಿ ಬಾಲ ಹರಿದ ಮೀನು ಬದುಕುವ ಆಸೆ ಕಡಿಮೆ. ಎತ್ತಿಕೊಂಡು ಬಂದದ್ದೇ ಸರಿ, ತೀರ್ಪು ಬೇರೆಯವರಿಗೆ ಬಿಟ್ಟದ್ದೂ ಸರಿ. ಸೋತದ್ದಕ್ಕೆ ಅವರಲ್ಲಿ ಹುಡುಕಿದರೂ ನನಗೆ ತಪ್ಪು ಸಿಗಲಿಲ್ಲ. ತಪ್ಪಿಲ್ಲದೆಯೂ ಸೋಲುವುದು ಕಡಲಲ್ಲಿ ಹೊಸದೇನೂ ಅಲ್ಲ, ಅದರ ಮೇಲೆ ಇಷ್ಟು ಹಣ ಕಟ್ಟುವುದು ಮಾತ್ರ ಹೊಸದು.

ವಾಹೂ ತಲೆ ಬಂದ ದಿನ ಹಿಂತಿರುಗುವಾಗ ಮೇಟ್ ಹಿಂಭಾಗದ ಹಲಗೆಯ ಮೇಲೆ ನಮ್ಮ ಪಾಲಿನ ಮಾಹಿಗಳನ್ನು ಕೊಯ್ಯುತ್ತಿದ್ದ. ಇಪ್ಪತ್ತೈದರ ಒಳಗಿನ ಹುಡುಗ, ಕೈಯ ತುಂಬ ದಾರ ಕೊಯ್ದ ಗೆರೆಗಳು. ಸೆನ್ಸೇಷನ್ ವಿಷಯ ತೆಗೆದೆ. ಅವನಿಗೆ ಎಲ್ಲ ಅಂಕಿಗಳೂ ಬಾಯಿಪಾಠ.

“ನೀವು ಆ ದೋಣಿಯಲ್ಲಿದ್ದಿದ್ದರೆ ಗಾಯ ನೋಡಿದ ಕೂಡಲೇ ಏನೆನ್ನುತ್ತಿದ್ದಿರಿ?” ಎಂದು ಕೇಳಿದೆ.

ಅವನು ಚಾಕು ನಿಲ್ಲಿಸಲಿಲ್ಲ. “ಏನೂ ಅನ್ನುತ್ತಿರಲಿಲ್ಲ ಸರ್. ಕೊಕ್ಕೆ ಹಾಕುತ್ತಿದ್ದೆ. ಗಾಯ ನನಗೆ ಕಂಡರೆ ಕ್ಯಾಪ್ಟನ್‌ಗೂ ಕಂಡಿರುತ್ತದೆ. ದಡಕ್ಕೆ ಬರುವವರೆಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.”

ಸ್ವಲ್ಪ ಹೊತ್ತಾದ ಮೇಲೆ ನನ್ನ ವಾಹೂ ತಲೆಯನ್ನು ಎತ್ತಿ ತೋರಿಸಿ, ಇದನ್ನೇನು ಮಾಡಲಿ ಎಂದು ಕೇಳಿದ. ಅಷ್ಟರಲ್ಲಿ ಎದ್ದು ಕುಳಿತಿದ್ದ ಕುಂದಾಪುರದವರು ನನ್ನ ಉತ್ತರಕ್ಕೆ ಕಾಯಲಿಲ್ಲ. ತಲೆ ತಮಗೆ ಬೇಕು, ಸಾರಿಗೆ ಅದಕ್ಕಿಂತ ಒಳ್ಳೆಯ ಭಾಗವಿಲ್ಲ ಎಂದು ಚೀಲ ಮುಂದೆ ಹಿಡಿದರು.